ಓದುಗರ ಪ್ರಶ್ನೆ: ಪ್ಲಾಸ್ಟಿಕ್ ಕ್ಯಾನಿನಲ್ಲಿ ಮನೆಯ ವೈನು

ಪ್ರಶ್ನೆ: ಕ್ರಿಸ್‌ಮಸ್ ಹಬ್ಬಕ್ಕೆಂದು ನಮ್ಮ ಮನೆಯಲ್ಲಿ ಪ್ರತಿವರ್ಷ ವೈನು ಮಾಡುತ್ತೇವೆ. ವಿಜಯಪುರದ ಕಪ್ಪು ದ್ರಾಕ್ಷಿ ಸಿಗುವ ಮಾರ್ಚ್ ತಿಂಗಳಲ್ಲಿ ಹುದುಗಿಸಿ, ಬಿಳಿ ಪ್ಲಾಸ್ಟಿಕ್ ಕ್ಯಾನಿಗೆ ತುಂಬಿ ಡಿಸೆಂಬರ್‌ವರೆಗೆ ಇಡುತ್ತೇವೆ. ಹಬ್ಬದ ಹೊತ್ತಿಗೆ ಬಣ್ಣ ಕಂದಿ, ವಿನೆಗರ್‌ನಂಥ ವಾಸನೆ ಬಂದಿರುತ್ತದೆ. ಇದು ಪ್ಲಾಸ್ಟಿಕ್‌ನ ದೋಷವೇ? ವೈನು ಹಳತಾದಷ್ಟೂ ರುಚಿ ಎನ್ನುತ್ತಾರೆ; ಪ್ಲಾಸ್ಟಿಕ್‌ನಲ್ಲಿ ಹಾಗೆ ಹಳತು ಮಾಡಬಹುದೇ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಮೊದಲಿಗೆ ಒಂದು ಮಾತು. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವಂತಿಲ್ಲ. ಆದ್ದರಿಂದ ಈ ಬಗ್ಗೆ ಜಿಲ್ಲಾ ಅಬಕಾರಿ ಕಚೇರಿಯಲ್ಲಿ ವಿಚಾರಿಸಿಕೊಂಡೇ ಮುಂದುವರಿಯಿರಿ.

ನೀವು ಹೇಳಿದ ಬಿಳಿ ಕ್ಯಾನು ಸಾಮಾನ್ಯವಾಗಿ ಎಚ್‌ಡಿಪಿಇ ಎಂಬ ಪ್ಲಾಸ್ಟಿಕ್‌ನದು. ತಳದಲ್ಲಿ ತ್ರಿಕೋನದೊಳಗೆ 2 ಎಂಬ ಅಂಕಿ ಇರುತ್ತದೆ. ಆಹಾರ ದರ್ಜೆಯದಾಗಿದ್ದರೆ ಹುದುಗಿಸುವ ಮೊದಲ ಒಂದೆರಡು ವಾರಗಳಿಗೆ ಅದು ತಕ್ಕ ಪಾತ್ರೆಯೇ, ಏಕೆಂದರೆ ಆಗ ರಸದಿಂದ ಹೊಮ್ಮುವ ಇಂಗಾಲದ ಡೈಆಕ್ಸೈಡ್ ಹೊರಗಿನ ಗಾಳಿಯನ್ನು ದೂರವಿಡುತ್ತದೆ. ಹುದುಗು ನಿಂತ ಮೇಲೆ ಆ ರಕ್ಷಣೆ ಇರುವುದಿಲ್ಲ. ಎಚ್‌ಡಿಪಿಇ ನೀರನ್ನು ಸೋರಗೊಡದಿದ್ದರೂ ಆಮ್ಲಜನಕವನ್ನು ತನ್ನ ಗೋಡೆಯ ಮೂಲಕ ನಿಧಾನವಾಗಿ ಒಳಬಿಡುತ್ತದೆ. ಮುಚ್ಚಳ ಎಷ್ಟೇ ಬಿಗಿಯಾಗಿದ್ದರೂ ಇದು ತಪ್ಪದು. ಈ ಆಮ್ಲಜನಕದಿಂದ ಕೆಂಪು ಬಣ್ಣ ಕಂದಿಗೆ ತಿರುಗುತ್ತದೆ, ಅದನ್ನೇ ಬಳಸಿಕೊಂಡು ಅಸಿಟೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಆಲ್ಕೋಹಾಲನ್ನು ಅಸಿಟಿಕ್ ಆಮ್ಲವಾಗಿಸುತ್ತದೆ. ನಿಮಗೆ ಬಂದ ವಾಸನೆ ಅದರದೇ.

ಆದರೆ ಇಡೀ ಹೊಣೆಯನ್ನು ಪ್ಲಾಸ್ಟಿಕ್ ಮೇಲೆ ಹೊರಿಸುವುದು ಸರಿಯಲ್ಲ. ಮಾರ್ಚ್‌ನಲ್ಲಿ ಮಾಡಿದ ವೈನು ಏಪ್ರಿಲ್, ಮೇ ತಿಂಗಳುಗಳನ್ನು ದಾಟಿಯೇ ಡಿಸೆಂಬರ್ ತಲುಪಬೇಕು, ಮತ್ತು ಆ ಎರಡು ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ಮೀರುತ್ತದೆ. ವೈನಿಗೆ ಒಗ್ಗುವುದು 12ರಿಂದ 15 ಡಿಗ್ರಿ. ತಾಪ ಏರಿದಂತೆಲ್ಲ ಕೆಡುವ ವೇಗವೂ ಏರುತ್ತದೆ, ಪ್ಲಾಸ್ಟಿಕ್‌ನ ಗೋಡೆ ಒಳಬಿಡುವ ಗಾಳಿಯೂ ಹೆಚ್ಚುತ್ತದೆ. ತಗಡಿನ ಮಾಳಿಗೆಯ ಕೆಳಗೆ ಇಟ್ಟ ಕ್ಯಾನು ಹಬ್ಬದವರೆಗೆ ಬಾಳಲಿ ಎಂದು ನಿರೀಕ್ಷಿಸುವುದೇ ಕಷ್ಟ.

ಹೀಗಾಗಿ ನನ್ನ ಸಲಹೆ ಪಾತ್ರೆಗಿಂತ ಮೊದಲು ತಿಂಗಳನ್ನು ಬದಲಿಸಿ ಎಂಬುದು. ಬೇಸಿಗೆಯ ಹಣ್ಣಿಗೆ ಕಟ್ಟುಬೀಳದೆ, ಅಕ್ಟೋಬರ್ ಮೊದಲ ವಾರದಲ್ಲಿ ಕಪ್ಪು ಒಣದ್ರಾಕ್ಷಿಯಿಂದ ವೈನು ಮಾಡಿ. ವಿಜಯಪುರದ ಒಣದ್ರಾಕ್ಷಿ ವರ್ಷವಿಡೀ ಸಿಗುತ್ತದೆ. ಬಿಸಿನೀರಿನಲ್ಲಿ ಚೆನ್ನಾಗಿ ತೊಳೆದು ಮೇಲಿನ ಎಣ್ಣೆಯ ಅಂಶವನ್ನು ತೆಗೆಯಿರಿ, ಗಂಧಕದ ಹೊಗೆ ಕೊಟ್ಟ ಹೊಳಪಿನ ಹಳದಿ ದ್ರಾಕ್ಷಿಯನ್ನು ಬಿಡಿ, ಏಕೆಂದರೆ ಗಂಧಕ ಈಸ್ಟ್‌ನ ಕೆಲಸಕ್ಕೆ ಅಡ್ಡಿಯಾಗುತ್ತದೆ. ಆಗ ವೈನು ಕಾಯಬೇಕಾದದ್ದು ಎರಡು, ಎರಡೂವರೆ ತಿಂಗಳು ಮಾತ್ರ, ಅದೂ ಚಳಿಗಾಲದಲ್ಲಿ. ಅಷ್ಟು ಅವಧಿಗೆ ಪೆಟ್ ಬಾಟಲಿ, ಅಂದರೆ 1 ಎಂಬ ಅಂಕಿಯ ಪ್ಲಾಸ್ಟಿಕ್, ಧಾರಾಳವಾಗಿ ಸಾಕು. ಅದು ಎಚ್‌ಡಿಪಿಇಗಿಂತ ಗಾಳಿಯನ್ನು ಬಹಳ ಚೆನ್ನಾಗಿ ತಡೆಯುತ್ತದೆ.

ಮಾರ್ಚ್‌ನ ವೈನೇ ಬೇಕೆಂದರೆ ಹುದುಗು ಪೂರ್ತಿ ನಿಂತ ಮೇಲೆ ಗಸಿ ಬಿಟ್ಟು ತಿಳಿಯನ್ನು ಗಾಜಿನ ಬಾಟಲಿಗಳಿಗೆ ಇಳಿಸಿ, ಕುತ್ತಿಗೆಯವರೆಗೆ ತುಂಬಿ, ಶಹಾಬಾದ್ ಪರಸಿ ಹಾಸಿದ ಒಳಕೋಣೆಯ ಕತ್ತಲಲ್ಲಿಡಿ. ಹುದುಗು ನಿಲ್ಲುವ ಮೊದಲೇ ಬಿಗಿಯಾಗಿ ಮುಚ್ಚಿದರೆ ಒಳಗಿನ ಒತ್ತಡಕ್ಕೆ ಗಾಜು ಸಿಡಿದು ಗಾಯವಾದೀತು. ಸ್ಕ್ವಾಷ್‌ಗೆ ಬಳಸುವ ಕೆಎಂಎಸ್ (ಪೊಟ್ಯಾಸಿಯಂ ಮೆಟಾಬೈಸಲ್ಫೈಟ್) ಪುಡಿಯನ್ನು 10 ಲೀಟರಿಗೆ 1 ಗ್ರಾಂ ಬೆರೆಸಿದರೆ ಬಣ್ಣ ಕಂದುವುದು ಬಹುಮಟ್ಟಿಗೆ ತಗ್ಗುತ್ತದೆ. ಅಸ್ತಮಾ ಇರುವವರಿಗೆ ಇದು ಆಗದಿರಬಹುದು, ಅವರಿಗೆ ಮೊದಲೇ ತಿಳಿಸಿ.

ಇನ್ನು ವರ್ಷಗಟ್ಟಲೆ ಹಳತು ಮಾಡುವ ಮಾತು. ಹಾಗೆ ಇಡಲು ಒಗರು ಮತ್ತು ಹುಳಿ ಗಟ್ಟಿಯಾಗಿರುವ ತಳಿಯ ದ್ರಾಕ್ಷಿ ಬೇಕು. ತಿನ್ನುವ ದ್ರಾಕ್ಷಿಯ ವೈನಿಗೆ ಆ ಕಸುವು ಇಲ್ಲ. ಅದು ಗಾಜಿನಲ್ಲಿಯೂ ವರ್ಷದೊಳಗೆ ಕುಡಿದರೇ ಚೆಂದ.

ಪ್ರಶ್ನೆ: ಕುಡಿಯುವ ನೀರಿನ 20 ಲೀಟರ್ ಕ್ಯಾನಿನಲ್ಲಿ ವೈನು ಇಡಬಹುದೇ?
– ಓದುಗರೊಬ್ಬರು, ಬೀದರ್

ಉತ್ತರ: ತಳದಲ್ಲಿ 7 ಎಂಬ ಅಂಕಿಯಿದ್ದರೆ ಬೇಡ. ಅಂಥ ಗಟ್ಟಿ ಕ್ಯಾನುಗಳು ಹೆಚ್ಚಾಗಿ ಪಾಲಿಕಾರ್ಬೊನೇಟ್‌ನವು, ಅವುಗಳಿಂದ ಬಿಸ್‌ಫೆನಾಲ್–ಎ ಎಂಬ ರಾಸಾಯನಿಕ ಪಾನೀಯಕ್ಕೆ ಇಳಿಯಬಲ್ಲದು. 1 ಎಂಬ ಅಂಕಿಯ ಹೊಸ ಕ್ಯಾನಾದರೆ ಒಂದೆರಡು ತಿಂಗಳಿಗೆ ಅಡ್ಡಿಯಿಲ್ಲ. ಬಣ್ಣ, ಫಿನೈಲ್, ಕೀಟನಾಶಕ ತುಂಬಿದ್ದ ಕ್ಯಾನನ್ನು ಎಷ್ಟು ತೊಳೆದರೂ ಬಳಸಲೇಬೇಡಿ. ಪ್ಲಾಸ್ಟಿಕ್ ವಾಸನೆಯನ್ನು ಹೀರಿ ಹಿಡಿದುಕೊಳ್ಳುವುದರಿಂದ ಉಪ್ಪಿನಕಾಯಿ ಅಥವಾ ಎಣ್ಣೆ ಇಟ್ಟಿದ್ದ ಡಬ್ಬಿಯೂ ಬೇಡ. ಒಳಗೆ ಗೀರು ಬಿದ್ದ ಕ್ಯಾನನ್ನು ಸಹ ಬಿಡಿ, ಆ ಗೀರುಗಳಲ್ಲಿ ಅವಿತ ಬ್ಯಾಕ್ಟೀರಿಯಾ ತೊಳೆದರೂ ಹೋಗುವುದಿಲ್ಲ.