40 ಲಕ್ಷದ ಕಾರು 9 ಲಕ್ಷಕ್ಕೆ ಸಿಗ್ತಿದೆ, ತಗೊಳ್ಳಬಹುದಾ?

ನೀವು ಕೇಳಿರುವುದು ಇಷ್ಟು: 2013ರ ಬಿಎಂಡಬ್ಲ್ಯೂ 520ಡಿ, ದೆಹಲಿ ನೋಂದಣಿ, 1,40,000 ಕಿ.ಮೀ. ಓಡಿದೆ, 9 ಲಕ್ಷ ಹೇಳ್ತಿದ್ದಾರೆ. ಹೊಸದಾಗಿದ್ದಾಗ 40 ಲಕ್ಷ ದಾಟಿದ್ದ ಕಾರು. ಬೀಳುವಷ್ಟು ಬೆಲೆ ಬಿದ್ದಾಗಿದೆ, ಇನ್ನು ನಷ್ಟ ಆಗಲ್ಲ ಅಲ್ವಾ?

ಅರ್ಧ ಸರಿ. ದೊಡ್ಡ ಪೆಟ್ಟನ್ನು ಮೊದಲ ಮಾಲೀಕರು ತಿಂದಾಗಿದೆ. ಆದರೆ ಬಿದ್ದಿರುವುದು ಕಾರಿನ ಬೆಲೆ ಮಾತ್ರ. ಬಿಡಿಭಾಗದ ಬೆಲೆ, ಮೆಕ್ಯಾನಿಕ್ ಕೂಲಿ ಇವತ್ತಿಗೂ 40 ಲಕ್ಷದ ಕಾರಿನದ್ದೇ. ನಾನೂ ಇದೇ ಮಾಡೆಲನ್ನು ಲಕ್ಷ ಕಿ.ಮೀ. ದಾಟಿದ ಮೇಲೆ ತಗೊಂಡು ಓಡಿಸ್ತಾ ಇದ್ದೇನೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗಿ ಇಳಿದರೂ ಸೊಂಟ ನೋಯಲ್ಲ. ಆ ಸುಖ ಸುಳ್ಳಲ್ಲ. ಹಾಗಾಗಿ ಬೇಡ ಅನ್ನಲ್ಲ, ಪೂರ್ತಿ ಲೆಕ್ಕ ಹಾಕಿ ಅಂತೀನಿ.

ಮೊದಲು ದೆಹಲಿ ವಿಷಯ. 10 ವರ್ಷ ದಾಟಿದ ಡೀಸೆಲ್ ಕಾರು ಅಲ್ಲಿ ಓಡಬಾರದು ಅಂತ ಎನ್‌ಜಿಟಿ (ರಾಷ್ಟ್ರೀಯ ಹಸಿರು ನ್ಯಾಯಮಂಡಳಿ) 2015ರಲ್ಲಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಅಲ್ಲಿಂದ ಅಗ್ಗದ ಡೀಸೆಲ್ ಕಾರುಗಳು ದಕ್ಷಿಣಕ್ಕೆ ಬರೋದು ಜಾಸ್ತಿಯಾಯ್ತು. ಇಲ್ಲಿ ಕೆಎ ನಂಬರ್ ಬೇಕಾದರೆ ದೆಹಲಿ ಆರ್‌ಟಿಒದಿಂದ ಎನ್ಒಸಿ (ನಿರಾಕ್ಷೇಪಣಾ ಪತ್ರ) ತರಿಸಿ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಬೇಕು. ಆ ಟ್ಯಾಕ್ಸ್ ನೀವು ಕೊಡುವ 9 ಲಕ್ಷದ ಮೇಲಲ್ಲ. ಕಾರಿನ ಮೂಲ ಬೆಲೆ ಹಿಡಿದು, ವಯಸ್ಸಿಗೆ ತಕ್ಕ ಹಾಗೆ ಕಡಿಮೆ ಮಾಡ್ತಾರೆ. ಕಡಿಮೆ ಮಾಡಿದ ಮೇಲೂ ಲಕ್ಷಗಳಲ್ಲೇ ಇರುತ್ತೆ. ಅಡ್ವಾನ್ಸ್ ಕೊಡುವ ಮೊದಲೇ ಆರ್‌ಟಿಒದಲ್ಲಿ ವಿಚಾರಿಸಿ, ಆ ಮೊತ್ತವನ್ನು ಬೆಲೆಗೆ ಸೇರಿಸಿ ನೋಡಿ. ಅದೇ ಕಾರು ಕೆಎ ನಂಬರಿನದ್ದು ಇಲ್ಲೇ ಸ್ವಲ್ಪ ಜಾಸ್ತಿ ಬೆಲೆಗೆ ಸಿಕ್ಕರೆ ಬಹಳ ಸಲ ಅದೇ ಅಗ್ಗ.

ಇನ್ನು ಎಂಜಿನ್. ಈ ವರ್ಷದ 520ಡಿಯಲ್ಲಿ ಇರುವುದು ಎನ್47 ಡೀಸೆಲ್ ಎಂಜಿನ್. ಇದರ ಟೈಮಿಂಗ್ ಚೈನ್, ಅಂದರೆ ಎಂಜಿನ್ನಿನ ಒಳಭಾಗಗಳನ್ನು ಒಂದೇ ತಾಳದಲ್ಲಿ ತಿರುಗಿಸೋ ಸರಪಳಿ, ಇರೋದು ಎಂಜಿನ್ನಿನ ಹಿಂಭಾಗದಲ್ಲಿ, ಗೇರ್‌ಬಾಕ್ಸ್ ಕಡೆ. ಚೈನ್ ಸವೆದರೆ ಅದನ್ನು ತಲುಪೋಕೇ ಎಂಜಿನ್ನೋ ಗೇರ್‌ಬಾಕ್ಸೋ ಇಳಿಸಬೇಕು. ಕಡಿದರೆ ಎಂಜಿನ್ ಹಾಳು. ಆದ್ದರಿಂದ ಕಾರು ನೋಡೋಕೆ ಬೆಳಿಗ್ಗೆಯೇ ಹೋಗಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ ಅಂತ ಹಿಂದಿನ ದಿನವೇ ಹೇಳಿಡಿ. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಟ್ಟು ನೋಡಿ. ಬೆಚ್ಚಗಿದ್ದರೆ ನಾಳೆ ಬರ್ತೀನಿ ಅಂತ ವಾಪಸ್ ಬನ್ನಿ. ತಣ್ಣಗಿದ್ದರೆ ಸ್ಟಾರ್ಟ್ ಮಾಡಿಸಿ, ನೀವು ಹೊರಗೆ ನಿಂತು ಎಂಜಿನ್ನಿನ ಹಿಂಭಾಗಕ್ಕೆ ಕಿವಿ ಕೊಡಿ. ಡೀಸೆಲ್ ಸದ್ದು ಮಾಮೂಲಿ. ಅದರ ಜೊತೆ ಸರಪಳಿ ಉಜ್ಜಿದ ಹಾಗೆ ಗರಗರ ಸದ್ದು ಇದ್ದು, ಆಕ್ಸಿಲರೇಟರ್ ಒತ್ತಿದಾಗ ಅದೂ ಏರಿದರೆ ಅಲ್ಲಿಗೇ ಬಿಟ್ಟುಬಿಡಿ. ಇನ್ನೊಂದು, ಇಜಿಆರ್ ಕೂಲರ್ (ಎಂಜಿನ್ನಿಗೆ ವಾಪಸ್ ಹೋಗೋ ಹೊಗೆಯನ್ನು ತಣ್ಣಗೆ ಮಾಡೋ ಭಾಗ) ಸೋರಿ ಬೆಂಕಿ ಹತ್ತಬಹುದು ಅಂತ ಬಿಎಂಡಬ್ಲ್ಯೂ 2018ರಲ್ಲಿ ಹಲವು ಡೀಸೆಲ್ ಮಾಡೆಲ್‌ಗಳನ್ನು ರೀಕಾಲ್ ಮಾಡಿತ್ತು, ಅಂದರೆ ಸರಿಪಡಿಸೋಕೆ ವಾಪಸ್ ಕರೆಸಿತ್ತು. ಈ ಕಾರಿಗೆ ಅದು ಅನ್ವಯಿಸುತ್ತಾ, ಕೆಲಸ ಆಗಿದೆಯಾ ಅಂತ ಬಿಎಂಡಬ್ಲ್ಯೂ ಸರ್ವಿಸ್ ಸೆಂಟರ್‌ನಲ್ಲಿ ಛಾಸಿ ನಂಬರ್ ಕೊಟ್ಟು ಕೇಳಿ.

ಗೇರ್‌ಬಾಕ್ಸ್ ಆಯಿಲ್ ಲೈಫ್‌ಟೈಮ್ ಅಂತ ಹೇಳೋರಿದ್ದಾರೆ, ನಂಬಬೇಡಿ. ಗೇರ್‌ಬಾಕ್ಸ್ ಮಾಡಿದ ಝಡ್‌ಎಫ್ ಕಂಪನಿಯೇ ಆಯಿಲನ್ನು 80,000ದಿಂದ 1,20,000 ಕಿ.ಮೀ. ಒಳಗೆ ಬದಲಿಸಿ ಅನ್ನುತ್ತೆ. ಬದಲಿಸಿದ ಬಿಲ್ ಇದೆಯಾ ನೋಡಿ.

1,40,000 ಕಿ.ಮೀ. ಅನ್ನೋ ಅಂಕಿಗೆ ನಾನು ಹೆದರಲ್ಲ. ಹೈವೇಯಲ್ಲಿ ಓಡಿ, ಹೊತ್ತಿಗೆ ಸರಿಯಾಗಿ ಆಯಿಲ್ ಕಂಡ ಕಾರು, ನಗರದ ಟ್ರಾಫಿಕ್‌ನಲ್ಲಿ ಅರವತ್ತು ಸಾವಿರ ನರಳಿದ ಕಾರಿಗಿಂತ ಮೇಲು. ಹೆದರಬೇಕಾದ್ದು ಬಿಲ್ ಇಲ್ಲದ ಕಾರಿಗೆ. ಮೀಟರ್ ತಿರುಗಿಸೋದು ಕಷ್ಟವಲ್ಲ, ಆದರೆ ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು, ಬ್ರೇಕ್ ಪೆಡಲ್ ರಬ್ಬರ್ ಎಷ್ಟು ಸವೆದಿದೆ ಅನ್ನೋದು ಸುಳ್ಳು ಹೇಳಲ್ಲ.

ಇನ್ಶೂರೆನ್ಸ್ ಬಗ್ಗೆ ಯಾರೂ ಮೊದಲೇ ಹೇಳಲ್ಲ. ಇಷ್ಟು ಹಳೆಯ ಕಾರಿಗೆ ಝೀರೋ ಡೆಪ್ (ಸವಕಳಿ ಕಡಿತ ಮಾಡದೆ ಕ್ಲೇಮ್ ಕೊಡುವ ಪಾಲಿಸಿ) ಸಿಗೋದು ಕಷ್ಟ. ಅದಿಲ್ಲದಿದ್ದರೆ ಕ್ಲೇಮ್‌ನಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳ ಅರ್ಧ ಬೆಲೆ ನಿಮ್ಮದು. 10 ವರ್ಷ ದಾಟಿದರೆ ಲೋಹದ ಭಾಗಗಳಿಗೂ ಅರ್ಧವೇ. ಹೆಡ್‌ಲೈಟ್, ಬಂಪರ್ ಒಟ್ಟಿಗೆ ಹೋದರೆ ಅದರ ಅರ್ಧ ಎಷ್ಟು ಅಂತ ಈಗಲೇ ವಿಚಾರಿಸಿ ಇಟ್ಟುಕೊಳ್ಳಿ.

ಬೆಲೆ ಇನ್ನು ಬೀಳಲ್ಲ ಅನ್ನೋದೂ ಸರಿಯಲ್ಲ. ಆರ್‌ಸಿ 15 ವರ್ಷಕ್ಕೆ, ಅಂದರೆ 2028ಕ್ಕೆ ಮುಗಿಯುತ್ತೆ. ಆಮೇಲೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಿ, ಗ್ರೀನ್ ಟ್ಯಾಕ್ಸ್ ಕಟ್ಟಿ ರಿನ್ಯೂ ಮಾಡಿಸಬೇಕು. ಆ ಹೊತ್ತಿಗೆ ಕೊಳ್ಳೋರು ಬಹಳ ಕಡಿಮೆ. ಅದಕ್ಕೇ ಇದನ್ನು ಮಾರೋ ಲೆಕ್ಕದಲ್ಲಿ ತಗೋಬೇಡಿ, ಓಡಿಸೋ ಲೆಕ್ಕದಲ್ಲಿ ತಗೊಳ್ಳಿ.

ನಿಮ್ಮ ಹತ್ತಿರ ಒಟ್ಟು 9 ಲಕ್ಷವೇ ಇದ್ದರೆ ಈ ಕಾರು ಬೇಡ. ಟ್ಯಾಕ್ಸ್ ಕಟ್ಟಿದ ಮೇಲೂ ಮೊದಲ ವರ್ಷದ ರಿಪೇರಿಗೆ ಅಂತ 2-3 ಲಕ್ಷ ಮುಟ್ಟದೆ ಇಡೋಕೆ ಆಗುತ್ತೆ ಅಂದರೆ, ಸರ್ವಿಸ್ ಹಿಸ್ಟರಿ ತರಿಸಿಕೊಂಡು ಇಲ್ಲೇ ಹಾಕಿ. ಕೂತು ಓದಿ, ಏನೇನು ಬಾಕಿ ಇದೆ ಅಂತ ಹೇಳ್ತೀನಿ.