"ಕಾರಣ ಹೇಳ್ಲಿ ಸಾಕು ಮೇಡಂ"

"ಬೇಡ ಅಂದಿದ್ದಕ್ಕೆ ಬೇಜಾರಿಲ್ಲ ಮೇಡಂ. ಯಾಕೆ ಬೇಡ ಅಂತ ಒಂದ್ಸಲ ಹೇಳ್ಲಿ ಸಾಕು."

ಆಪ್ತಸಮಾಲೋಚಕಿಯಾದ ನಾನು ಈ ಮಾತನ್ನು ಮತ್ತೆ ಮತ್ತೆ ಕೇಳುತ್ತೇನೆ. ಹೇಳುವವರು ಜಾಸ್ತಿ ಹುಡುಗರು, ಕೆಲವೊಮ್ಮೆ ಹುಡುಗಿಯರೂ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.

ಅವನಿಗೆ 26 ವರ್ಷ. ತುಮಕೂರು ಕಡೆಯ ಒಂದು ಊರಲ್ಲಿ ಅರ್ಜಿ ಹಾಕಿಕೊಡುವ ಸೇವಾ ಕೇಂದ್ರದಲ್ಲಿ ಕೆಲಸ. ಜಾತಿ, ಆದಾಯ ಪ್ರಮಾಣಪತ್ರ, ಪಿಂಚಣಿ ಅಂತ ದಿನವಿಡೀ ಅದೇ. ಒಂದೇ ಬಸ್ಸಿನಲ್ಲಿ ಓಡಾಡುವ ಹುಡುಗಿಯ ಜೊತೆ ಎರಡು ವರ್ಷದ ಸ್ನೇಹ. ಇಷ್ಟ ಅಂತ ಹೇಳಿದ. "ನನಗೆ ಹಾಗೆ ಅನ್ನಿಸಿಲ್ಲ, ಬೇಜಾರು ಮಾಡ್ಕೋಬೇಡ" ಅಂದಳು. ಇವನ ಮೆಸೇಜು ಹೆಚ್ಚಾದವು, ಅವಳು ಉತ್ತರಿಸುವುದನ್ನು ಬಿಟ್ಟಳು. ಇವನಿಗೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ.

ಮೂರನೇ ಭೇಟಿಗೆ ಒಂದು ಪತ್ರ ತಂದ. ಗೆರೆ ಹಾಕಿದ ಹಾಳೆ, ನಾಲ್ಕು ಪುಟ, ಅಲ್ಲಲ್ಲಿ ಹೊಡೆದು ಹಾಕಿ ಮತ್ತೆ ಬರೆದಿದ್ದ. "ಸಾರಿ ಕೇಳೋಕೆ ಮಾತ್ರ ಮೇಡಂ. ಇದೇ ಕೊನೆ."

ಗಟ್ಟಿಯಾಗಿ ಓದು ಅಂದೆ. ಅವಳಿಂದ ಉತ್ತರ ಬೇಕು ಅನ್ನುವ ಕಡೆಯೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕು ಅಂತ ಪೆನ್ಸಿಲ್ ಕೈಗೆ ಕೊಟ್ಟೆ. ಮೊದಲ ಪುಟದಲ್ಲೇ ಐದು ಗುರುತು. ನಾನೇನು ತಪ್ಪು ಮಾಡಿದೆ? ಬೇರೆ ಯಾರಾದ್ರೂ ಇದ್ದಾರಾ? ಐದು ನಿಮಿಷ ಸಿಗ್ತೀಯಾ? ಮೂರನೇ ಪುಟಕ್ಕೆ ಬರುವಾಗ ದನಿ ಸಣ್ಣದಾಯಿತು. ಓದುವುದನ್ನು ನಿಲ್ಲಿಸಿದ.

"ಇದು ಸಾರಿ ಅಲ್ಲ ಮೇಡಂ. ಮೇಲ್ಮನವಿ."

ನಾನು ಹೇಳಿಕೊಟ್ಟದ್ದಲ್ಲ, ಅವನ ಕೆಲಸದ ಮಾತು ಅದು. ಸರ್ಕಾರಿ ಸೇವೆ ಹೊತ್ತಿಗೆ ಸರಿಯಾಗಿ ಸಿಗಲಿ ಅಂತ ಮಾಡಿದ 2011ರ ಸಕಾಲ ಕಾಯ್ದೆಯಡಿ ಅರ್ಜಿ ತಿರಸ್ಕರಿಸಿದರೆ ಅಧಿಕಾರಿ ಕಾರಣ ಕೊಡಬೇಕು, ಅರ್ಜಿದಾರ ಮೇಲ್ಮನವಿ ಹಾಕಬಹುದು. ದಿನಾ ಅದನ್ನೇ ಜನರಿಗೆ ಬಿಡಿಸಿ ಹೇಳುವವನು ಇವನು.

"ಅವಳು ತಹಶೀಲ್ದಾರ್ ಅಲ್ಲಪ್ಪ," ಅಂದೆ. "ಇಷ್ಟ ಇಲ್ಲ ಅನ್ನೋದೇ ಕಾರಣ. ಬೇರೆ ಏನಾದ್ರೂ ಹೇಳಿದ್ರೆ ಅದನ್ನ ಸರಿಮಾಡ್ಕೊಂಡು ಮತ್ತೆ ಹೋಗ್ತೀಯ, ಅಲ್ವಾ?"

ತುಂಬ ಹೊತ್ತು ಅತ್ತ. ನಾನು ಸುಮ್ನೆ ಕೂತಿದ್ದೆ.

ಆಮೇಲೆ ಕೊಟ್ಟ ಸಲಹೆ ಇದು. ಪತ್ರ ಕೊಡಬೇಡ. ಗೆಳೆಯರ ಕೈಲಿ ಹೇಳಿಕಳಿಸಬೇಡ. "ಇನ್ಮೇಲೆ ತೊಂದರೆ ಕೊಡಲ್ಲ" ಅಂತಲೂ ಮೆಸೇಜು ಬೇಡ, ಸುಮ್ಮನಾಗು ಅಷ್ಟೆ. ಅವಳು ನೋಡಲಿ ಅಂತ ದುಃಖದ ಸ್ಟೇಟಸ್ ಹಾಕುವುದೂ ಮೆಸೇಜೇ. ಯಾರಾದರೂ ಕೇಳಿದರೆ ಅವಳ ಬಗ್ಗೆ ಒಂದು ಕೆಟ್ಟ ಮಾತು ಬೇಡ. ರಾತ್ರಿ ಫೋನು ಹಾಲಿನಲ್ಲಿ ಚಾರ್ಜಿಗಿಡು. ಮನೆಯಲ್ಲಿ ಒಬ್ಬರಿಗಾದರೂ ಹೇಳಿಕೋ. ಮತ್ತೆ, ಬಸ್ಸು ಬದಲಿಸು. ಅವಳಲ್ಲ, ನೀನು.

ಕೊನೆಯದಕ್ಕೆ ಅವನು ಒಪ್ಪಲಿಲ್ಲ. "ನಾನೇನು ಕಳ್ಳನಾ?" ಅಂದ. ಆಗ ಕಾನೂನನ್ನೂ ಹೇಳಿದೆ. ಇಷ್ಟವಿಲ್ಲ ಅಂತ ಸ್ಪಷ್ಟವಾಗಿ ತಿಳಿಸಿದ ಹೆಣ್ಣನ್ನು ಮತ್ತೆ ಮತ್ತೆ ಹಿಂಬಾಲಿಸುವುದು, ಸಂಪರ್ಕಿಸುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ನಿನಲ್ಲಿ ಅಪರಾಧ. ಮೊದಲ ಸಲಕ್ಕೇ ಮೂರು ವರ್ಷದವರೆಗೆ ಜೈಲು.

ಅಳುತ್ತಿರುವ ಹುಡುಗನಿಗೆ ಸೆಕ್ಷನ್ ಹೇಳಬೇಕಿತ್ತಾ ಅಂತ ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು. ಬೇಕಿತ್ತು. ನನ್ನ ಎದುರು ಅವನೊಬ್ಬನೇ ಕೂತಿದ್ದ, ನಿಜ. ಆದರೆ ಬಸ್ ಸ್ಟಾಪಿನಲ್ಲಿ ದಿನಾ ಬೆಳಗ್ಗೆ ಎದೆ ಡವಡವ ಅನ್ನಿಸಿಕೊಂಡು ನಿಲ್ಲುವ ಆ ಹುಡುಗಿ ನನಗೆ ಯಾವತ್ತೂ ಸಿಗುವುದಿಲ್ಲ. ಅವಳ ಪರವಾಗಿಯೂ ಯಾರಾದರೂ ಮಾತಾಡಬೇಕು. ಒಳ್ಳೆಯ ಹುಡುಗರೂ "ಇದೊಂದ್ಸಲ" ಅಂತಲೇ ಶುರುಮಾಡುತ್ತಾರೆ, ನಾನು ನೋಡಿದ್ದೇನೆ.

ಅವನ ನೋವನ್ನು ನಾನು ಹಗುರ ಮಾಡಲಿಲ್ಲ. ಸಾಯಬೇಕು ಅನ್ನಿಸುತ್ತಾ ಅಂತ ನೇರವಾಗಿಯೇ ಕೇಳಿದೆ, ಎಲ್ಲರಿಗೂ ಕೇಳುತ್ತೇನೆ. ಇಲ್ಲ ಅಂದ. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರೆದುಕೊಟ್ಟೆ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಎರಡು ವಾರ ಬಿಟ್ಟು ಬಂದ. 7:40ರ ಬಸ್ಸಿಗೆ ಹೋಗುತ್ತಿದ್ದಾನಂತೆ. ಯಾಕೋ ಇಷ್ಟು ಬೇಗ ಹೊರಡ್ತೀಯ ಅಂತ ಅಕ್ಕ ಕೇಳಿದಾಗ ಎಲ್ಲ ಹೇಳಿಬಿಟ್ಟನಂತೆ. ಅವಳು ಪಕ್ಕದಲ್ಲಿ ಕೂತು ತಲೆ ಸವರಿ, "ಇಷ್ಟು ದಿನ ಎಲ್ಲೋ ಸಾಲ ಮಾಡ್ಕೊಂಡಿದ್ದೀಯ ಅಂತ ನಾವೆಲ್ಲ ಹೆದರ್ಕೊಂಡಿದ್ವಿ ಕಣೋ" ಅಂದಳಂತೆ. ಅವತ್ತು ರಾತ್ರಿ ಎರಡು ಮುದ್ದೆ ಉಂಡೆ ಮೇಡಂ, ಅಂದ.