ಗಂಜಿ ಅಂದ್ರೆ ಕಲಬೆರಕೆ ಅಲ್ಲ ಕಣ್ರೀ

ಓದುಗರಿಗೆ ಉತ್ತರ ಬರೆಯಲು ಒಪ್ಪಿಕೊಂಡಾಗ ಮಗ್ಗದ ಬಗ್ಗೆ, ನೇಯ್ಗೆ ಬಗ್ಗೆ ಕೇಳುತ್ತಾರೆ ಅಂದುಕೊಂಡಿದ್ದೆ. ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ದೂರು, ಕಂಬಳಿಗೆ ಗಂಜಿ ಹಾಕಿ ಮೋಸ ಮಾಡಿದ್ದಾರೆ ಅಂತ. ಇನ್ನೊಂದು ಸಲ ಅದೇ ಬಂದರೆ ಓದಲ್ಲ. ಅದಕ್ಕೇ ಈ ಸಲ ಪೂರ್ತಿ ಹೇಳಿಬಿಡುತ್ತೇನೆ.

ಪ್ರಶ್ನೆ: ಚಳ್ಳಕೆರೆ ಕಡೆ ಹೋದಾಗ ಕೈಮಗ್ಗದ ಕರಿ ಕಂಬಳಿ ತಂದೆ. ರಟ್ಟಿನ ಹಾಗೆ ಬಿರುಸಾಗಿದೆ, ಒದ್ದೆಯಾದರೆ ವಾಸನೆ. ತೂಕ ಬರಲಿ ಅಂತ ಗಂಜಿ ಹಾಕಿ ಮೋಸ ಮಾಡಿದ್ದಾರೆ, ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ನೆನೆಸಿ ಅಂತ ಪರಿಚಯದವರು ಹೇಳಿದರು. ನೆನೆಸಲಾ? (ದಾವಣಗೆರೆಯ ಓದುಗರು)

ಬೇಡ. ಬಕೆಟ್ಟು ತುಂಬಿಸಿದ್ದರೆ ಮೊದಲು ಚೆಲ್ಲಿ ಬನ್ನಿ, ಆಮೇಲೆ ಮುಂದೆ ಓದಿ.

ಗಂಜಿ ಹಾಕಿದ್ದಾರೆ, ನಿಜ. ಹುಣಸೆ ಬೀಜದ ಗಂಜಿ. ಅದನ್ನು ಹಾಕದೆ ಇಂಥ ನೂಲಿನಲ್ಲಿ ಕಂಬಳಿ ನೇಯೋದು ಆಗದ ಮಾತು. ಇನ್ನು ತೂಕದ ಮಾತು. ನೀವೇನು ಕಂಬಳಿಯನ್ನು ತಕ್ಕಡಿಯಲ್ಲಿಟ್ಟು ತೂಗಿಸಿ ತಂದಿರಾ? ಒಂದಕ್ಕೆ ಇಷ್ಟು ಅಂತ ಕೊಟ್ಟು ತಂದಿದ್ದೀರಿ. ತೂಕ ಏರಿಸಿ ನೇಕಾರನಿಗೆ ಏನು ಸಿಗಬೇಕು?

ನಮ್ಮ ಕಡೆಯವು ಡೆಕ್ಕನಿ, ಬಳ್ಳಾರಿ ತಳಿಯ ಕುರಿಗಳು. ಮಳೆ ಕಾಣದ ಸೀಮೆಯಲ್ಲಿ ಒಣ ಹುಲ್ಲು ಮೇಯ್ದು ಬದುಕುವಂಥವು. ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸಿದರೂ ಒಂದು ಕುರಿಯಿಂದ ಒಂದು ಕಿಲೋ ಸಿಗೋದು ಕಷ್ಟ. ಉಣ್ಣೆ ಒರಟು, ಜೊತೆಗೆ ಕೂದಲೂ ಬೆರೆತಿರುತ್ತದೆ. ಹಿಂಜಿ, ರಾಟೆಯಲ್ಲಿ ನೂತ ಮೇಲೆ ನೋಡಿ, ಎಳೆಯ ಮೈತುಂಬ ಕೂದಲು ಎದ್ದು ನಿಂತಿರುತ್ತದೆ. ಅದನ್ನು ಹಾಗೇ ಹಾಸು, ಅಂದ್ರೆ ಉದ್ದುದ್ದದ ಎಳೆಗಳ ಸಾಲು, ಮಾಡಿ ಮಗ್ಗಕ್ಕೆ ಏರಿಸಿದರೆ ಲಾಳಿ ನಾಲ್ಕು ಸಲ ಓಡುವಷ್ಟರಲ್ಲಿ ಪಕ್ಕಪಕ್ಕದ ಎಳೆಗಳು ತಬ್ಬಿಕೊಂಡು ಬಿಡುತ್ತವೆ. ಹಣಿಗೆ, ಅಂದ್ರೆ ಮಗ್ಗದ ಬಾಚಣಿಗೆ, ಉಜ್ಜಿ ಉಜ್ಜಿ ಪಟಪಟ ಕಡಿಯುತ್ತವೆ. ಎದ್ದ ಕೂದಲನ್ನು ಮಲಗಿಸಿ ಎಳೆಗೆ ಅಂಟಿಸೋದೇ ಗಂಜಿಯ ಕೆಲಸ.

ಆ ಗಂಜಿ ಮಾಡೋದೂ ಸುಮ್ನೆ ಅಲ್ಲ. ಹುಣಸೆ ಬೀಜ ಹುರಿದು, ಕೆಂಪು ಸಿಪ್ಪೆ ಬಿಡಿಸಿ, ಒಳಗಿನ ಬಿಳಿ ಬೇಳೆಯನ್ನು ನೆನೆಸಿ ರುಬ್ಬಿ, ಕೈ ಬಿಡದೆ ತಿರುವುತ್ತಾ ಕುದಿಸಬೇಕು. ತೆಳುವಾದರೆ ಎಳೆ ನಿಲ್ಲಲ್ಲ. ಮಂದವಾದರೆ ಹಾಸೆಲ್ಲ ಹಪ್ಪಳ. ಬಿಸಿಲು ಏರುವ ಮೊದಲು ಬೀದಿಯಲ್ಲಿ ಹಾಸನ್ನು ಬಿಗಿದು ಕಟ್ಟಿ, ದೊಡ್ಡ ಕುಂಚದಿಂದ ಒಂದೇ ದಿಕ್ಕಿಗೆ ಬಳಿಯುತ್ತಾ ಬರಬೇಕು. ಪೂರ್ತಿ ಒಣಗುವ ಮೊದಲೇ ಅಂಟಿಕೊಂಡ ಎಳೆಗಳನ್ನು ಬಿಡಿಸಬೇಕು. ಆ ಹೊತ್ತಿಗೆ ಯಾರಾದರೂ ಬೈಕು ತಂದು ನುಗ್ಗಿಸಿದರೆ ಬೈಗುಳ ಗ್ಯಾರಂಟಿ. ನಾನೂ ಬೈದಿದ್ದೇನೆ.

ದಾವಣಗೆರೆಯವರಿಗೆ ಇದನ್ನು ನಾನು ಹೇಳಬೇಕಾ? ಹತ್ತಿ ಗಿರಣಿಗಳಿಂದಲೇ ಹೆಸರಾದ ಊರು. ಗಿರಣಿಗಳಲ್ಲಿ ಹಾಸಿನ ನೂಲಿಗೆ ಗಂಜಿ ಕುಡಿಸೋಕೆ ಸೈಜಿಂಗ್ ಅಂತ ಬೇರೆ ವಿಭಾಗವೇ ಇರುತ್ತದೆ. ಗಿರಣಿ ಕೆಲಸಕ್ಕೆ ಹೋಗಿ ಬಂದ ಹಿರಿಯರು ಬೀದಿಗೊಬ್ಬರಾದರೂ ಸಿಗುತ್ತಾರೆ, ಕೇಳಿ ನೋಡಿ. ಗಿರಣಿ ಹಾಕಿದರೆ ಸೈಜಿಂಗ್, ಕಂಬಳಿ ನೇಕಾರ ಹಾಕಿದರೆ ಕಲಬೆರಕೆ!

ವಾಸನೆ ಎರಡು ಥರ. ಒದ್ದೆ ಕುರಿಯ ವಾಸನೆ ಬಂದರೆ ಅದು ಉಣ್ಣೆಯ ಜಿಡ್ಡು, ಇರಬೇಕಾದದ್ದೇ. ಹುಳಿ ವಾಸನೆ ಬಂದರೆ ಮಾತ್ರ ನಿಮ್ಮ ದೂರು ನಿಜ. ಒಂದು ಸಲ ನಾನೇ ಸೋಮಾರಿತನಕ್ಕೆ ಹಿಂದಿನ ದಿನ ಉಳಿದ ಗಂಜಿಯನ್ನು ಬಳಿದಿದ್ದೆ. ಎಳೆಯೂ ಕಡಿಯಿತು, ನೇಯ್ದ ಕಂಬಳಿ ತಿಂಗಳುಗಟ್ಟಲೆ ಹಳಸಿದ ಅಂಬಲಿಯಂತೆ ನಾರಿತು. ಅಂದಿನಿಂದ ಗಂಜಿ ಮಿಕ್ಕರೆ ಆ ದಿನವೇ ಚೆಲ್ಲುತ್ತೇನೆ.

ಈಗ ಆ ಬಕೆಟ್ಟಿನ ವಿಷಯ. ವಾಷಿಂಗ್ ಸೋಡಾ ಉಣ್ಣೆಯನ್ನೇ ತಿನ್ನುತ್ತದೆ. ಉಣ್ಣೆಯ ಎಳೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆಗಳಿರುತ್ತವೆ. ಬಿಸಿನೀರು, ಸೋಪು, ಉಜ್ಜಾಟ ಮೂರೂ ಸೇರಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಕಂಬಳಿ ಕುಗ್ಗುತ್ತದೆ. ಮತ್ತೆ ಹಿಗ್ಗಲ್ಲ. ವಾಷಿಂಗ್ ಮಷೀನಿಗೆ ಹಾಕಿದರೂ ಅದೇ ಗತಿ.

ಸುಮ್ಮನೆ ಬಳಸಿ. ಹೊದೆಯುತ್ತಾ, ಹಾಸುತ್ತಾ ಗಂಜಿ ತಾನೇ ಉದುರುತ್ತದೆ, ಮೆತ್ತಗಾಗುತ್ತದೆ. ಒಗೆಯಲೇಬೇಕು ಅಂತ ಹಟ ಇದ್ದರೆ ತಣ್ಣೀರು, ಸ್ವಲ್ಪ ಶಾಂಪೂ ಸಾಕು. ಹಿಂಡಬೇಡಿ, ಒತ್ತಿ ನೀರು ತೆಗೆಯಿರಿ. ನೆನೆದ ಕಂಬಳಿ ಭಾರಕ್ಕೆ ಜಗ್ಗುತ್ತದೆ, ತಂತಿಗೆ ತೂಗುಹಾಕದೆ ನೆರಳಲ್ಲಿ ಹರವಿ. ಮೊದಲ ನೀರು ಕಂದು ಬಣ್ಣಕ್ಕೆ ತಿರುಗಿದರೆ ಬಣ್ಣ ಬಿಡ್ತು ಅಂತ ಮತ್ತೆ ಪತ್ರ ಬರೆಯಬೇಡಿ. ಆದರೆ ಕುರಿ ಕಾಯುವವರು ಮಾತ್ರ ಕಂಬಳಿ ಒಗೆಯಲು ಹೋಗಲ್ಲ. ಜಿಡ್ಡು ಇದ್ದರೇನೇ ಕಂಬಳಿಯನ್ನು ಮಡಿಸಿ ತಲೆ ಮೇಲಿಂದ ಕೊಪ್ಪೆ ಹಾಕಿಕೊಂಡಾಗ ಜಿಟಿಜಿಟಿ ಮಳೆ ಮೈಗೆ ಇಳಿಯದೆ ಜಾರೋದು.

ಹೆದರಬೇಕಾದದ್ದು ಬಿರುಸು ಕಂಬಳಿಗಲ್ಲ. ಹೊಸದರಲ್ಲೇ ಬೆಣ್ಣೆಯಂತಿದ್ದು, 'ಊರ ಕುರಿ ಉಣ್ಣೆ' ಅಂತ ಮಾರುವುದಿದೆಯಲ್ಲ, ಅದಕ್ಕೆ. ಅಂಚಿನಿಂದ ಒಂದೆಳೆ ಕಿತ್ತು, ಕಂಬಳಿಯಿಂದ ದೂರ ಹೋಗಿ ಬೆಂಕಿ ಹಚ್ಚಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿ ತಾನೇ ಆರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಗುಂಡಾಗುತ್ತದೆ.

ಪ್ರಶ್ನೆ: ಚಿತ್ರದುರ್ಗದ ಮಾರಾಟ ಮೇಳವೊಂದರಲ್ಲಿ ಕೈಯಲ್ಲಿ ಗಂಟು ಹಾಕಿದ ಕಾಶ್ಮೀರಿ ರತ್ನಗಂಬಳಿ ಅಂತ ಕೊಂಡೆ. ಹಿಂಭಾಗಕ್ಕೆ ಬಟ್ಟೆ ಅಂಟಿಸಿದ್ದಾರೆ. ಅಸಲಿಯಾ?

ಅಲ್ಲ. ಗಂಟಿನ ರತ್ನಗಂಬಳಿಯನ್ನು ಮಗುಚಿದರೆ ಮುಂದಿನ ಚಿತ್ತಾರವೇ ಹಿಂದೆಯೂ ಕಾಣಬೇಕು, ಗಂಟು ಗಂಟಾಗಿ. ಹಾಸಿನ ಎಳೆಗೆ ಒಂದೊಂದೇ ಗಂಟು ಹಾಕಿ, ಸಾಲು ಮುಗಿದ ಮೇಲೆ ಹೊಕ್ಕು, ಅಂದ್ರೆ ಅಡ್ಡೆಳೆ, ಹಾಯಿಸಿ ಬಡಿಯುವ ಕೆಲಸ ಅದು. ದೊಡ್ಡದಕ್ಕೆ ತಿಂಗಳುಗಳೇ ಬೇಕು. ನಿಮ್ಮದು ಬಟ್ಟೆಗೆ ಗನ್ನಿನಂಥ ಯಂತ್ರದಿಂದ ನೂಲು ಚುಚ್ಚಿ, ಹಿಂದೆ ಅಂಟು ಬಳಿದದ್ದು. ಅದನ್ನೂ ಕೈಯಲ್ಲೇ ಹಿಡಿದು ಮಾಡುತ್ತಾರೆ, ಆ ಮಾತು ಬೇರೆ. ಗಂಟಿನ ಬೆಲೆ ಕೊಟ್ಟಿದ್ದರೆ ಮೋಸ ಹೋಗಿದ್ದೀರಿ. ಮುಂದೆ ಮಗುಚಿ ನೋಡಲು ಬಿಡದ ಅಂಗಡಿಗೆ ಹೋಗಬೇಡಿ.

ಪ್ರಶ್ನೆ: ಕರಿ ಕಂಬಳಿ ಮೇಲೆ ಮಲಗಿದರೆ ಸೊಂಟನೋವು, ಸಕ್ಕರೆ ಕಾಯಿಲೆ ಎರಡೂ ಹೋಗುತ್ತವಂತೆ?

ಹೀಗೆ ಹೇಳಿ ಮಾರುವವರ ಹತ್ತಿರ ಕಂಬಳಿಯನ್ನೂ ಕೊಳ್ಳಬೇಡಿ. ಡಾಕ್ಟರ ಹತ್ತಿರ ಹೋಗಿ.

ಪ್ರಶ್ನೆ: ಹೊಸ ಕಂಬಳಿಯಿಂದ ಕೂದಲು ಉದುರುತ್ತಿದೆ, ಏನು ಮಾಡಲಿ?

ಕಂಬಳೀಲಿ ಕೂತು ಊಟಕ್ಕೆ ಕೂದಲು ಬಂತು ಅಂದ್ರೆ ಹೇಗೆ? ಕೊಡವಿ.

ಪ್ರಶ್ನೆ: ನುಸಿ ತಿನ್ನದಿರಲು ಬೇವಿನ ಸೊಪ್ಪು ಸಾಕಾ?

ಸೊಪ್ಪನ್ನೇ ನಂಬಬೇಡಿ. ಉಣ್ಣೆ ತಿನ್ನೋದು ಪತಂಗದ ಮರಿಹುಳು. ಮಡಿಸಿಟ್ಟ ಕತ್ತಲ ಮೂಲೆ ಅದಕ್ಕಿಷ್ಟ. ತಿಂಗಳಿಗೊಮ್ಮೆ ಬಿಸಿಲಿಗೆ ಹಾಕಿ, ಮಡಿಕೆಗಳನ್ನು ಚೆನ್ನಾಗಿ ಕೊಡವಿ, ಬ್ರಷ್ ಮಾಡಿ. ಬಳಸುವ ಕಂಬಳಿಗೆ ನುಸಿ ಹಿಡಿಯೋದು ಅಪರೂಪ. ನುಸಿಗುಳಿಗೆ ಇಡುವುದಾದರೆ ಭದ್ರವಾಗಿ ಮುಚ್ಚುವ ಪೆಟ್ಟಿಗೆಯಲ್ಲಿಡಿ. ಕೂಸಿಗೆ ಹೊದಿಸುವ ಕಂಬಳಿಯ ಹತ್ತಿರ ಮಾತ್ರ ಆ ಗುಳಿಗೆಯನ್ನು ಸುಳಿಯಗೊಡಬೇಡಿ.